ಎಣ್ಣೆಯ ಬಟ್ಟಲು

ಎತ್ತಿನ ಬಂಡಿಯ ಅಚ್ಚಿನಲ್ಲಿ ಕೀಲೆಣ್ಣೆ ಒಣಗಿದರೆ ಗಾಲಿ ಕಿರುಗುಟ್ಟತೊಡಗುತ್ತದೆ. ಆ ಸದ್ದು ಕಿವಿಗೆ ಬಿದ್ದೊಡನೆ ಬಂಡಿಕಾರನು ಎತ್ತುಗಳನ್ನು ನಿಲ್ಲಿಸಿ, ಕೆಳಗಿಳಿದು, ಕಡೆಗೀಲನ್ನು ತೆಗೆದು ಅಚ್ಚಿಗೆ ಎಣ್ಣೆ ಹಚ್ಚುತ್ತಾನೆ. ಬಂಡಿ ನಿಂತಿದ್ದಾಗ ಮಾತ್ರ ಮಾಡಬಹುದಾದ ಕೆಲಸವದು. ಎಣ್ಣೆ ಹಚ್ಚಲು ಒಪ್ಪದೆ ಹಾಗೆಯೇ ಹೊಡೆದುಕೊಂಡು ಹೋದರೆ ಅಚ್ಚು ಸವೆದು, ಕಾದು, ಕಡೆಗೊಮ್ಮೆ ಮುರಿಯುವುದುಂಟು.

ಉಗಿಬಂಡಿಯ ಪಾಡೂ ಒಂದು ಕಾಲದಲ್ಲಿ ಇದೇ ಆಗಿತ್ತು. ನೂರಾರು ಪ್ರಯಾಣಿಕರನ್ನೂ ಸಾವಿರಾರು ಮಣ ಸರಕನ್ನೂ ಹೊತ್ತು ಗಾಳಿಯನ್ನು ಸೀಳಿಕೊಂಡು ಓಡುತ್ತಿದ್ದ ಆ ಮಹಾಯಂತ್ರವು ಕೆಲವು ಹನಿ ಎಣ್ಣೆಗಾಗಿ ಮತ್ತೆ ಮತ್ತೆ ನಿಲ್ಲಬೇಕಾಗುತ್ತಿತ್ತು. ಓಡುತ್ತಿರುವ ಯಂತ್ರವೇ ತನಗೆ ಬೇಕಾದ ಎಣ್ಣೆಯನ್ನು ತಾನೇ ಊಡಿಕೊಳ್ಳುವಂತೆ ಮಾಡುವುದರಲ್ಲಿ ತನ್ನ ಬಾಳಿನ ಐವತ್ತು ವರ್ಷಗಳನ್ನು ಕಳೆದವನು ಎಲೈಜಾ ಮೆಕಾಯ್. ಅವನು ದೊಡ್ಡ ಕಾರ್ಖಾನೆಯ ಒಡೆಯನಲ್ಲ, ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ತಂದೆತಾಯಿಗಳ ಮಗ. ರೈಲ್ವೆಯಲ್ಲಿ ಕಲ್ಲಿದ್ದಲು ಎತ್ತಿಹಾಕಿ, ಕೈಯಲ್ಲಿ ಎಣ್ಣೆಯ ಡಬ್ಬಿ ಹಿಡಿದು ದುಡಿದ ಕೂಲಿಕಾರ.

ಎಲೈಜಾನ ತಂದೆ ಜಾರ್ಜ್ ಮೆಕಾಯ್, ತಾಯಿ ಮಿಲ್ಡ್ರೆಡ್. ಇಬ್ಬರೂ ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿ ಗುಲಾಮರಾಗಿದ್ದವರು. ಆ ಕಾಲದಲ್ಲಿ ಅಮೆರಿಕದ ದಕ್ಷಿಣದ ಸಂಸ್ಥಾನಗಳಲ್ಲಿ ಕಪ್ಪು ಜನರನ್ನು ದನಕರುಗಳಂತೆ ಮಾರುತ್ತಿದ್ದರು, ಕೊಳ್ಳುತ್ತಿದ್ದರು. ಓಡಿಹೋದವನು ಸಿಕ್ಕಿಬಿದ್ದರೆ ಅವನಿಗೆ ಕಾದಿದ್ದುದು ಚಾವಟಿಯ ಏಟು. ಆದರೂ ಸಾವಿರಾರು ಮಂದಿ ಓಡಿಹೋಗುತ್ತಲೇ ಇದ್ದರು. ಅವರಿಗೆ ನೆರವಾಗಲು ಕರುಣೆಯುಳ್ಳ ಬಿಳಿಯರೂ ಸ್ವತಂತ್ರರಾದ ಕರಿಯರೂ ಸೇರಿ ಒಂದು ಗುಪ್ತವಾದ ಏರ್ಪಾಡನ್ನು ಮಾಡಿಕೊಂಡಿದ್ದರು. ಹಗಲು ಮನೆಯ ಅಟ್ಟದಲ್ಲಿಯೋ ಹುಲ್ಲಿನ ಮೆದೆಯಲ್ಲಿಯೋ ಅಡಗಿಸಿ, ಇರುಳಿನಲ್ಲಿ ಮುಂದಿನ ಮನೆಗೆ ತಲುಪಿಸಿ, ಹೀಗೆ ಕೈಯಿಂದ ಕೈಗೆ ಉತ್ತರದತ್ತ ಸಾಗಿಸುತ್ತಿದ್ದರು. ಈ ಏರ್ಪಾಡಿಗೆ ನೆಲದಡಿಯ ರೈಲುದಾರಿ ಎಂದು ಹೆಸರು. ಅದರಲ್ಲಿ ನೆಲದಡಿಯ ಸುರಂಗವೂ ಇರಲಿಲ್ಲ, ರೈಲೂ ಇರಲಿಲ್ಲ. ಈ ದಾರಿಯ ಕೊನೆಯ ನಿಲ್ದಾಣ ಕೆನಡಾ. ಅದು ಆಗ ಬ್ರಿಟಿಷರ ಅಧೀನದಲ್ಲಿತ್ತು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು 1833ರ ಕಾಯಿದೆಯಿಂದ ರದ್ದುಪಡಿಸಲಾಗಿತ್ತು. ಜಾರ್ಜ್ ಮತ್ತು ಮಿಲ್ಡ್ರೆಡ್ ಅಂಥ ದಾರಿಯಲ್ಲಿ ಕೆನಡಾ ಸೇರಿ ಒಂಟಾರಿಯೋ ಪ್ರಾಂತದ ಕೋಲ್ಚೆಸ್ಟರ್ ಎಂಬಲ್ಲಿ ಬೇಸಾಯ ಮಾಡಿಕೊಂಡು ನೆಲೆಸಿದರು. ಅವರಿಗೆ ಹುಟ್ಟಿದ ಹನ್ನೆರಡು ಮಕ್ಕಳಲ್ಲಿ ಎಲೈಜಾ ಒಬ್ಬನು. ಅವನು ಹುಟ್ಟಿದ್ದು 1844ರಲ್ಲಿ. ಮುಂದೆ ಈ ಕುಟುಂಬವು ಗಡಿಯನ್ನು ದಾಟಿ ಮಿಶಿಗನ್ ಸಂಸ್ಥಾನದ ಯಿಪ್ಸಿಲಾಂಟಿ ಎಂಬ ಊರಿಗೆ ಬಂದಿತು. ಅಲ್ಲಿ ಜಾರ್ಜ್ ಚುಟ್ಟಾ ಮಾಡಿ ಮಾರುವ ವ್ಯಾಪಾರ ಹಿಡಿದನು. ಚುಟ್ಟಾಗಳನ್ನು ಸಾಗಿಸುವ ತನ್ನ ಗಾಡಿಯಲ್ಲಿ, ಸರಕಿನ ಕೆಳಗೆ, ಓಡಿಬಂದ ಗುಲಾಮರನ್ನು ಅಡಗಿಸಿಕೊಂಡು ಅವನು ನದಿಯ ತೀರಕ್ಕೆ ಮುಟ್ಟಿಸುತ್ತಿದ್ದನೆಂದು ಆ ಊರಿನವರು ಹೇಳುತ್ತ ಬಂದಿದ್ದಾರೆ.

ಎಲೈಜಾನಿಗೆ ಚಿಕ್ಕಂದಿನಿಂದಲೂ ಯಂತ್ರಗಳೆಂದರೆ ಪ್ರೀತಿ. ಕಳಚುವುದು, ಜೋಡಿಸುವುದು ಅವನ ಆಟ. ಮಗನ ಒಲವನ್ನು ಗುರುತಿಸಿದ ತಂದೆತಾಯಿಗಳು ಅವನನ್ನು ಯಂತ್ರವಿದ್ಯೆಗೆ ಹಾಕಬೇಕೆಂದು ಬಯಸಿದರು. ಆದರೆ ಅಮೆರಿಕದಲ್ಲಿ ಕರಿಯ ಹುಡುಗನೊಬ್ಬನಿಗೆ ಅಂಥ ಶಿಕ್ಷಣ ದೊರೆಯುವುದು ದುರ್ಲಭವಾಗಿತ್ತು. ಆದುದರಿಂದ ಅವನಿಗೆ ಹದಿನೈದು ವರ್ಷ ತುಂಬಿದಾಗ, ಕೈಯಲ್ಲಿದ್ದುದನ್ನೆಲ್ಲ ಕೂಡಿಸಿ, ಅಟ್ಲಾಂಟಿಕ್ ಸಾಗರದಾಚೆಯ ಸ್ಕಾಟ್ಲೆಂಡಿಗೆ ಕಳುಹಿಸಿಕೊಟ್ಟರು. ತಾವು ಬರಿಗೈಯಲ್ಲಿ ಕಾಡು ಹೊಳೆಗಳನ್ನು ದಾಟಿ ಬಂದವರು, ಮಗನನ್ನು ಕಡಲು ದಾಟಿಸಿದರು. ಜೇಮ್ಸ್ ವಾಟ್ ಹುಟ್ಟಿದ ನಾಡು ಸ್ಕಾಟ್ಲೆಂಡ್. ಉಗಿಯಂತ್ರದ ವಿದ್ಯೆಗೆ ಅದು ತವರು. ಅಲ್ಲಿನ ಎಡಿನ್‌ಬರೋ ನಗರದಲ್ಲಿ ಎಲೈಜಾ ವರ್ಷಗಟ್ಟಲೆ ಉಮೇದುವಾರನಾಗಿ ದುಡಿದು, ಯಂತ್ರಶಿಲ್ಪಿ ಎಂಬ ಅರ್ಹತೆಯನ್ನು ಪಡೆದನು.

ಅವನು ಅಲ್ಲಿ ಕಲಿಯುತ್ತಿದ್ದ ಕಾಲದಲ್ಲಿ ಅಮೆರಿಕ ಅಂತರ್ಯುದ್ಧದ ಬೆಂಕಿಯಲ್ಲಿ ಬೇಯುತ್ತಿತ್ತು. 1861ರಲ್ಲಿ ಮೊದಲಾದ ಆ ಯುದ್ಧ 1865ರಲ್ಲಿ ಮುಗಿಯಿತು. ಅದೇ ವರ್ಷ ಸಂವಿಧಾನದ ತಿದ್ದುಪಡಿಯಿಂದ ಗುಲಾಮಗಿರಿ ಅಳಿಯಿತು. ಕಾಯಿದೆ ಬದಲಾದಷ್ಟು ಬೇಗ ಮನಸ್ಸು ಬದಲಾಗುವುದಿಲ್ಲ ಎಂಬುದು ಯಿಪ್ಸಿಲಾಂಟಿಗೆ ಮರಳಿದ ಎಲೈಜಾನ ಅನುಭವಕ್ಕೆ ಬಂದಿತು. ಸ್ಕಾಟ್ಲೆಂಡಿನ ಅರ್ಹತಾಪತ್ರವನ್ನು ಹಿಡಿದು ಅವನು ಕೆಲಸ ಹುಡುಕಿದನು. ಯಂತ್ರಶಿಲ್ಪಿಯ ಕೆಲಸ ಕರಿಯನಿಗೆ ಸಿಗಲಿಲ್ಲ. ಕೊನೆಗೆ ಮಿಶಿಗನ್ ಸೆಂಟ್ರಲ್ ರೈಲ್ವೆಯವರು ಅವನನ್ನು ಉಗಿಬಂಡಿಯ ಫೈರ್‌ಮನ್ನನಾಗಿ ಸೇರಿಸಿಕೊಂಡರು. ಒಲೆಗೆ ಸನಿಕೆಯಿಂದ ಕಲ್ಲಿದ್ದಲನ್ನು ಎತ್ತಿಹಾಕುವುದು ಒಂದು ಕೆಲಸ. ಬಂಡಿ ನಿಂತೆಡೆಯಲ್ಲಿ ಕೆಳಗಿಳಿದು ಯಂತ್ರದ ಭಾಗಗಳಿಗೆ ಎಣ್ಣೆ ಹಾಕುವುದು ಇನ್ನೊಂದು. ಯಂತ್ರವನ್ನು ರಚಿಸಬಲ್ಲವನ ಕೈಗೆ ಸನಿಕೆಯನ್ನೂ ಎಣ್ಣೆಯ ಡಬ್ಬಿಯನ್ನೂ ಕೊಟ್ಟದ್ದು ಅನ್ಯಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಡಬ್ಬಿ ಹಿಡಿದವರ ಪೈಕಿ ಯಂತ್ರವಿದ್ಯೆ ಬಲ್ಲವನು ಬಹುಶಃ ಅವನೊಬ್ಬನೇ. ಮುಂದೆ ನಡೆದುದಕ್ಕೆಲ್ಲ ಅದೇ ಕಾರಣವಾಯಿತು.

ಈ ಎಣ್ಣೆ ಹಾಕುವ ಕೆಲಸದಲ್ಲಿ ಅಷ್ಟು ಕಷ್ಟವೇನಿತ್ತು ಎಂಬುದನ್ನು ಇಲ್ಲಿ ತಿಳಿದುಕೊಳ್ಳಬೇಕು. ಉಗಿಬಂಡಿಯ ಹೊರಭಾಗದ ಅಚ್ಚುಗಳಿಗೂ ಸಂದುಗಳಿಗೂ ಉದ್ದ ಮೂತಿಯ ಡಬ್ಬಿಯಿಂದ ಎಣ್ಣೆ ಬಿಡುವುದು ಸುಲಭ. ಕಷ್ಟವಿದ್ದುದು ಒಳಗೆ. ಕುದಿಯುವ ನೀರಿನ ಉಗಿ ಸಿಲಿಂಡರೆಂಬ ಕೊಳವೆಯೊಳಕ್ಕೆ ನುಗ್ಗಿ, ಅಲ್ಲಿರುವ ಕೊಂತವನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ. ಕೊಂತದ ಆಟವೇ ಗಾಲಿಗಳ ಓಟವಾಗುತ್ತದೆ. ಕೊಂತವು ಸಿಲಿಂಡರಿನ ಗೋಡೆಗೆ ಬಿಡುವಿಲ್ಲದೆ ಉಜ್ಜುವುದರಿಂದ ಅಲ್ಲಿ ಜಿಡ್ಡು ಬೇಕೇಬೇಕು. ಆದರೆ ಉಗಿ ಒತ್ತಿಕೊಂಡು ನಿಂತಿರುವ ಕೊಳವೆಗೆ ರಂಧ್ರ ತೆರೆದು ಎಣ್ಣೆ ಹೊಯ್ಯಲು ಹೋದರೆ, ಎಣ್ಣೆ ಒಳಕ್ಕೆ ಇಳಿಯುವ ಬದಲು ಉಗಿಯೇ ಹೊರಕ್ಕೆ ಚಿಮ್ಮಿ ಎಣ್ಣೆಯವನ ಮುಖವನ್ನು ಸುಡುತ್ತದೆ. ಆದುದರಿಂದ ಉಗಿಯನ್ನು ತಡೆದು, ಬಂಡಿಯನ್ನು ನಿಲ್ಲಿಸಿ, ಕರಗಿಸಿದ ಪ್ರಾಣಿಗಳ ಕೊಬ್ಬನ್ನೋ ಎಣ್ಣೆಯನ್ನೋ ಸಿಲಿಂಡರಿನ ಮೇಲಿನ ಬಟ್ಟಲಿಗೆ ಹೊಯ್ಯುತ್ತಿದ್ದರು. ಇಳಿಜಾರಿನಲ್ಲಿ ಉಗಿಯನ್ನು ನಿಲ್ಲಿಸಿ ಬಂಡಿ ತಾನಾಗಿ ಉರುಳುತ್ತಿರುವಾಗ, ಪಕ್ಕದ ಕಿರುಹಲಗೆಯ ಮೇಲೆ ನಡೆದುಹೋಗಿ ಎಣ್ಣೆ ಬಿಟ್ಟು ಬರುವ ಸಾಹಸವೂ ನಡೆಯುತ್ತಿತ್ತು. ಕಾಲು ಜಾರಿದರೆ ಗಾಲಿಯಡಿ.

ಹೊಯ್ದ ಎಣ್ಣೆಯಾದರೂ ಸಮನಾಗಿ ಹಂಚುತ್ತಿರಲಿಲ್ಲ. ಹಾಕಿದ ಕೂಡಲೇ ಅತಿಯಾಗಿ, ಸ್ವಲ್ಪ ದೂರ ಓಡಿದ ಮೇಲೆ ಏನೂ ಇಲ್ಲದಂತಾಗಿ, ಲೋಹವು ಮತ್ತೆ ಒಣಗುತ್ತಿತ್ತು. ನಿಂತಷ್ಟು ಹೊತ್ತೂ ರೈಲ್ವೆಗೆ ನಷ್ಟ. ನಿಲ್ಲದಿದ್ದರೆ ಯಂತ್ರಕ್ಕೆ ನಷ್ಟ.

ಎಲೈಜಾ ಯಿಪ್ಸಿಲಾಂಟಿಯ ತನ್ನ ಕಮ್ಮಟದಲ್ಲಿ, ದುಡಿಮೆಯಿಂದ ಬಿಡುವು ದೊರೆತಾಗಲೆಲ್ಲ, ಈ ತೊಡಕನ್ನು ಬಿಡಿಸುವ ಬಗೆಯನ್ನು ಯೋಚಿಸತೊಡಗಿದನು. ಎಣ್ಣೆಗೆ ಅಡ್ಡ ಬರುತ್ತಿರುವುದು ಉಗಿಯ ಒತ್ತಡ. ಆ ಒತ್ತಡವನ್ನೇ ಎಣ್ಣೆಗೆ ದಾರಿಮಾಡಿಕೊಡುವ ಆಳನ್ನಾಗಿ ಮಾಡಿಕೊಂಡರೆ ಹೇಗೆ? ಅವನ ಸಾಧನದ ಜೀವಾಳವೇ ಇದು. ಸಿಲಿಂಡರಿಗೆ ಸೇರಿದಂತೆ ಒಂದು ಎಣ್ಣೆಯ ಬಟ್ಟಲು. ಅದರ ತಳದಲ್ಲಿ ಒಂದು ಕವಾಟ. ಯಂತ್ರಕ್ಕೆ ಉಗಿ ಬಂದಾಗ ಅದರ ಒತ್ತಡವು ಒಂದು ಪುಟ್ಟ ಕೊಂತವನ್ನು ಅಲುಗಿಸುವುದು. ಕೊಂತಕ್ಕೆ ಜೋಡಿಸಿದ ಕಡ್ಡಿಯು ಕವಾಟವನ್ನು ತೆರೆಯುವುದು. ಎಣ್ಣೆ ಸಿಲಿಂಡರಿಗೆ ಇಳಿಯುವುದು. ಹೀಗೆ ಯಂತ್ರ ದುಡಿಯುತ್ತಿರುವಾಗ ಎಣ್ಣೆ ತಾನಾಗಿ ಒದಗಿತು. ನಿಲ್ಲಿಸಿ ಹೊಯ್ಯುವ ಆಳು ಬೇಕಾಗಲಿಲ್ಲ. ಈ ಸಾಧನಕ್ಕೆ 1872ರ ಜುಲೈ 23ರಂದು ಅಮೆರಿಕ ಸರ್ಕಾರವು 1,29,843ನೆಯ ಸಂಖ್ಯೆಯ ಪೇಟೆಂಟನ್ನು ಕೊಟ್ಟಿತು. ಅದೇ ವರ್ಷ ಅವನ ಹೆಂಡತಿ ಆ್ಯನ್ ಎಲಿಜಬೆತ್ ತೀರಿಕೊಂಡಳು. ಅವರ ಮದುವೆಯಾಗಿ ನಾಲ್ಕೇ ವರ್ಷವಾಗಿತ್ತು. ಮರುವರ್ಷ ಅವನು ಮೇರಿ ಡೆಲಾನಿ ಎಂಬಾಕೆಯನ್ನು ವರಿಸಿದನು.

ಪೇಟೆಂಟ್ ಎಂದರೆ ಹೊಸ ಸಾಧನವನ್ನು ಕಂಡುಹಿಡಿದವನಿಗೆ ಸರ್ಕಾರ ಕೊಡುವ ಏಕಸ್ವಾಮ್ಯದ ಹಕ್ಕು. ಆಗಿನ ಅಮೆರಿಕದ ಕಾಯಿದೆಯಂತೆ ಅದರ ಅವಧಿ 17 ವರ್ಷ. ಅಷ್ಟು ಕಾಲ ಅವನ ಅನುಮತಿಯಿಲ್ಲದೆ ಬೇರೆಯವರು ಅದನ್ನು ಮಾಡುವಂತಿಲ್ಲ, ಮಾರುವಂತಿಲ್ಲ. ಎಲೈಜಾನಿಗೆ ಈ ಹಕ್ಕುಪತ್ರ ದೊರೆತುದರ ಅರ್ಥವನ್ನು ಅರಿಯಬೇಕಾದರೆ ಕೇವಲ ಹದಿನಾಲ್ಕು ವರ್ಷ ಹಿಂದಕ್ಕೆ ನೋಡಬೇಕು. 1858ರಲ್ಲಿ ಅಮೆರಿಕದ ಸರ್ಕಾರಿ ಮಹಾನ್ಯಾಯವಾದಿಯು ಒಂದು ಅಭಿಪ್ರಾಯವನ್ನು ಕೊಟ್ಟಿದ್ದನು: ಗುಲಾಮನೊಬ್ಬನು ಏನನ್ನಾದರೂ ಕಂಡುಹಿಡಿದರೆ ಅದಕ್ಕೆ ಪೇಟೆಂಟ್ ಕೊಡಲು ಬಾರದು. ಗುಲಾಮನು ದೇಶದ ಪ್ರಜೆಯಲ್ಲವಾದುದರಿಂದ ಅವನು ಹಕ್ಕು ಕೇಳುವಂತಿಲ್ಲ. ಒಡೆಯನು ತಾನಾಗಿ ಕಂಡುಹಿಡಿಯಲಿಲ್ಲವಾದುದರಿಂದ ಅವನೂ ಕೇಳುವಂತಿಲ್ಲ. ಬುದ್ಧಿ ಗುಲಾಮನದಾದರೆ ಅದಕ್ಕೆ ಒಡೆಯನೇ ಇಲ್ಲ ಎಂಬ ವಿಚಿತ್ರ ನ್ಯಾಯವದು. ಎಲೈಜಾನ ತಂದೆ ಜಾರ್ಜ್ ಮೆಕಾಯ್ ಕೆಂಟಕಿಯಲ್ಲಿಯೇ ಉಳಿದಿದ್ದು, ಮಗನು ಅಲ್ಲಿಯೇ ಹುಟ್ಟಿ, ಗುಲಾಮನಾಗಿರುವಾಗಲೇ ಇದೇ ಬಟ್ಟಲನ್ನು ರಚಿಸಿದ್ದರೆ ಅದರ ಮೇಲೆ ಅವನ ಹೆಸರು ಬರುತ್ತಿರಲಿಲ್ಲ.

ಮೊದಲನೆಯ ಬಟ್ಟಲಿನಿಂದ ಅವನಿಗೆ ತೃಪ್ತಿಯಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಒಂದಾದ ಮೇಲೊಂದರಂತೆ ಅದನ್ನು ತಿದ್ದುತ್ತ ಹೋದನು. ಈ ದಾರಿಯಲ್ಲಿ ಅವನು ಒಂಟಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲೆಂಡಿನ ರೈಲ್ವೆ ಯಂತ್ರಶಿಲ್ಪಿ ಜಾನ್ ರಾಮ್ಸ್‌ಬಾಟಮ್ 1860ರಲ್ಲಿಯೇ ಒಂದು ಜಾಣ ಉಪಾಯವನ್ನು ಕಂಡುಹಿಡಿದಿದ್ದನು. ಗಾಜಿನ ಲೋಟದಲ್ಲಿ ಅರ್ಧ ನೀರು ತುಂಬಿ ಮೇಲೆ ಎಣ್ಣೆ ಹೊಯ್ದು ದೀಪ ಹಚ್ಚುವುದನ್ನು ಎಲ್ಲರೂ ಬಲ್ಲರು. ನೀರು ಭಾರ, ಎಣ್ಣೆ ಹಗುರ; ಎಷ್ಟು ಅಲುಗಿಸಿದರೂ ಎಣ್ಣೆ ಮೇಲೆಯೇ ನಿಲ್ಲುತ್ತದೆ. ಲೋಟದ ತಳಕ್ಕೆ ನೀರನ್ನು ಇನ್ನಷ್ಟು ಸೇರಿಸಿದರೆ ಎಣ್ಣೆ ಮೇಲೆದ್ದು ಕಂಠವನ್ನು ಮೀರಿ ಹೊರಚೆಲ್ಲುತ್ತದೆ. ಎಣ್ಣೆಯ ಬಟ್ಟಲಿಗೆ ಸ್ವಲ್ಪ ಉಗಿಯನ್ನು ಬಿಟ್ಟರೆ ಅದು ತಣ್ಣಗಾಗಿ ನೀರಾಗುತ್ತದೆ. ಆ ನೀರು ತಳಕ್ಕಿಳಿದು ಎಣ್ಣೆಯನ್ನು ಮೇಲೆತ್ತುತ್ತದೆ. ಮೇಲೆದ್ದ ಎಣ್ಣೆ ಕೊಳವೆಯ ಬಾಯಿಗೆ ಬಂದು ಸಿಲಿಂಡರಿನ ಕಡೆಗೆ ಹನಿಹನಿಯಾಗಿ ಹೋಗುತ್ತದೆ. ಮುಂದೆ ಉಗಿಬಂಡಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಈ ತತ್ತ್ವದ ಸಾಧನಗಳೇ. ಚಾಲಕನು ತನ್ನ ಕೋಣೆಯಲ್ಲಿಯೇ ಕುಳಿತು, ಸಣ್ಣ ಗಾಜಿನ ಕೊಳವೆಯಲ್ಲಿ ಎಣ್ಣೆಯ ಹನಿಗಳು ಸಾಗುವುದನ್ನು ಕಣ್ಣಾರೆ ಕಂಡು, ನಿಮಿಷಕ್ಕೆ ಇಷ್ಟು ಹನಿ ಎಂದು ಎಣಿಸಿ ತಿರುಪನ್ನು ಬಿಗಿಯಬಹುದಾಗಿತ್ತು. ಎಣ್ಣೆ ಮುಗಿದಾಗ ಬಟ್ಟಲಿನ ತುಂಬ ನೀರೇ ನಿಲ್ಲುತ್ತದೆ. ಆಗ ಬುಡದ ನಲ್ಲಿಯನ್ನು ತೆರೆದು ನೀರನ್ನು ಬಸಿದು, ಮೇಲಿನಿಂದ ಹೊಸ ಎಣ್ಣೆಯನ್ನು ತುಂಬಬೇಕು. ಇಂಥ ಬಟ್ಟಲುಗಳಿಗೆ, ಅವುಗಳ ಕವಾಟಗಳಿಗೆ, ಗಾಜಿಗೆ, ತಿರುಪುಗಳಿಗೆ ಸಂಬಂಧಿಸಿದಂತೆ ಮೆಕಾಯ್ ಪಡೆದ ಪೇಟೆಂಟುಗಳು ಹಲವು. ಅವನು ಒಟ್ಟು ಪಡೆದ ಪೇಟೆಂಟುಗಳ ಸಂಖ್ಯೆ ಸುಮಾರು 57. ಅವುಗಳಲ್ಲಿ ಬಹುಪಾಲು ಎಣ್ಣೆಯೂಡುವುದಕ್ಕೇ ಸೇರಿದುವು. ನಡುನಡುವೆ ಬೇರೆ ಕಡೆಗೂ ಅವನ ಮನಸ್ಸು ಹರಿದದ್ದುಂಟು. 1874ರಲ್ಲಿ ಇಸ್ತ್ರಿ ಮಾಡುವ ಮಡಿಸುಮೇಜಿಗೂ, 1899ರಲ್ಲಿ ಹುಲ್ಲುಹಾಸಿಗೆ ನೀರು ಚಿಮುಕಿಸುವ ಸಾಧನಕ್ಕೂ ಪೇಟೆಂಟ್ ಪಡೆದನು.

ಇಷ್ಟೊಂದು ಹಕ್ಕುಪತ್ರಗಳನ್ನು ಪಡೆದವನು ಸಿರಿವಂತನಾಗಿರಬೇಕೆಂದು ಯಾರಾದರೂ ಊಹಿಸಿಯಾರು. ಹಾಗಾಗಲಿಲ್ಲ. ಸಾಧನವನ್ನು ಕಂಡುಹಿಡಿಯಲು ಬುದ್ಧಿ ಸಾಕು; ಅದನ್ನು ಸಾವಿರಗಟ್ಟಲೆ ಎರಕ ಹೊಯ್ದು ಮಾರಲು ಬಂಡವಾಳ ಬೇಕು. ಕರಿಯನಿಗೆ ಸಾಲ ಕೊಡುವ ಸಾಹುಕಾರರು ವಿರಳ. ಆದುದರಿಂದ ಮೆಕಾಯ್ ತನ್ನ ಪೇಟೆಂಟುಗಳ ಹಕ್ಕನ್ನು ಕೆಲವೊಮ್ಮೆ ಭಾಗಶಃ, ಕೆಲವೊಮ್ಮೆ ಪೂರ್ತಿಯಾಗಿ ಹಣವಂತರಿಗೆ ಮಾರಿಬಿಡಬೇಕಾಯಿತು. ಬಂದ ಹಣ ಮುಂದಿನ ಪ್ರಯೋಗಕ್ಕೆ ಖರ್ಚಾಗುತ್ತಿತ್ತು. ಅವನ ಬಟ್ಟಲುಗಳು ರೈಲ್ವೆಗಳಲ್ಲಿ ಹರಡಿದವು. ಲಾಭವು ಬೇರೆಯವರ ಪೆಟ್ಟಿಗೆಯನ್ನು ಸೇರಿತು. ಅನೇಕ ಸಾಧನಗಳ ಮೇಲೆ ಅವನ ಹೆಸರು ಕೂಡ ಇರಲಿಲ್ಲ. ಈ ವ್ಯವಹಾರದಲ್ಲಿ ಅವನು ಮೋಸಹೋದನೆನ್ನುವುದಕ್ಕಿಂತ, ಮಾರದೆ ಬೇರೆ ದಾರಿಯಿರಲಿಲ್ಲ ಎನ್ನುವುದೇ ಸರಿ. ಆದರೂ ಅವನ ಜನ ಅವನನ್ನು ಮರೆಯಲಿಲ್ಲ. ಕರಿಯರ ನಾಯಕನೂ ಶಿಕ್ಷಣವೇತ್ತನೂ ಆದ ಬುಕರ್ ಟಿ. ವಾಷಿಂಗ್‌ಟನ್ನನು 1909ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಮೆಕಾಯನನ್ನು ಹೆಸರಿಸಿ, ತಮ್ಮ ಜನಾಂಗದಲ್ಲಿ ಎಲ್ಲರಿಗಿಂತ ಹೆಚ್ಚು ಪೇಟೆಂಟ್ ಪಡೆದವನೆಂದು ಗೌರವಿಸಿದನು.

1882ರಲ್ಲಿ ಮೆಕಾಯ್ ದಂಪತಿಗಳು ಡೆಟ್ರಾಯ್ಟ್ ನಗರಕ್ಕೆ ಬಂದು ನೆಲೆಸಿದರು. ಅಲ್ಲಿ ಅವನು ಯಂತ್ರೋದ್ಯಮಗಳಿಗೆ ಸಲಹೆಗಾರನಾಗಿ ದುಡಿದನು. ನೆರೆಹೊರೆಯ ಹುಡುಗರನ್ನು ಕರೆದು ಓದಿಗೆ ಹುರಿದುಂಬಿಸುತ್ತಿದ್ದನು. ಮೇರಿ ಸಮಾಜಸೇವೆಯಲ್ಲಿ ತೊಡಗಿದಳು. ನಿರ್ಗತಿಕರಾದ ಕಪ್ಪು ವೃದ್ಧೆಯರಿಗಾಗಿ ಆ ನಗರದಲ್ಲಿ ಸ್ಥಾಪಿತವಾದ ಫಿಲಿಸ್ ವೀಟ್ಲಿ ಆಶ್ರಮವನ್ನು ಕಟ್ಟಿದವರಲ್ಲಿ ಅವಳೂ ಒಬ್ಬಳು.

ಅವರ ಕಣ್ಣೆದುರಿಗೇ ಡೆಟ್ರಾಯ್ಟ್ ಮೋಟಾರು ವಾಹನಗಳ ರಾಜಧಾನಿಯಾಯಿತು. ಹೆನ್ರಿ ಫೋರ್ಡನು 1908ರಲ್ಲಿ ಮಾಡೆಲ್ ಟಿ ಕಾರನ್ನು ಹೊರತಂದನು. ಉಗಿಯಂತ್ರದಲ್ಲಿ ಎಣ್ಣೆಯ ಬಗೆಗೆ ಇದ್ದ ತೊಡಕು ಒಂದು, ಈ ಹೊಸ ಯಂತ್ರದಲ್ಲಿ ಹುಟ್ಟಿದ ತೊಡಕು ಇನ್ನೊಂದು. ಉಗಿಯಂತ್ರದ ಸಿಲಿಂಡರಿಗೆ ಹೋದ ಎಣ್ಣೆ ಮರಳಿ ಬರುವುದಿಲ್ಲ. ತನ್ನ ಕೆಲಸ ಮುಗಿಸಿ, ಹೊರಹೋಗುವ ಉಗಿಯೊಂದಿಗೆ ತಾನೂ ಹೊರಟುಹೋಗುತ್ತದೆ. ಅಲ್ಲಿ ಎಣ್ಣೆಯನ್ನು ಒಳಕ್ಕೆ ಸೇರಿಸುವುದೇ ಸಮಸ್ಯೆ. ಕಾರಿನ ಯಂತ್ರದಲ್ಲಿ ಹಾಗಲ್ಲ. ಅದರ ಬುಡದಲ್ಲಿ ಒಂದು ತೊಟ್ಟಿಯಿದೆ. ಆ ತೊಟ್ಟಿಯ ಎಣ್ಣೆಯೇ ಮೇಲಕ್ಕೆ ಚಿಮ್ಮಿ, ಭಾಗಗಳನ್ನು ನೆನೆಸಿ, ಮತ್ತೆ ತೊಟ್ಟಿಗೇ ಇಳಿಯುತ್ತದೆ. ತಿರುಗಿ ತಿರುಗಿ ಅದೇ ಎಣ್ಣೆ ದುಡಿಯುವುದರಿಂದ ಮಸಿ, ಸವೆದ ಲೋಹದ ಪುಡಿ, ತೇವ ಎಲ್ಲವೂ ಸೇರಿ ಅದು ಕಪ್ಪಾಗುತ್ತದೆ. ಇಲ್ಲಿ ಹಳೆಯ ಎಣ್ಣೆಯನ್ನು ಹೊರಕ್ಕೆ ತೆಗೆಯುವುದೇ ಸಮಸ್ಯೆ. ಮಾಡೆಲ್ ಟಿ ಕಾರಿನ ತೊಟ್ಟಿಯ ತಳದಲ್ಲಿ ತಿರುಪಿನ ಬಿರಡೆಯೊಂದಿತ್ತು. ಅದನ್ನು ಬಿಚ್ಚಿದರೆ ಎಣ್ಣೆ ತನ್ನ ಭಾರದಿಂದಲೇ ಇಳಿದುಹೋಗುತ್ತಿತ್ತು. ತೊಟ್ಟಿಯಲ್ಲಿ ಎಣ್ಣೆ ಎಷ್ಟಿದೆಯೆಂದು ತಿಳಿಯಲು ಎರಡು ಪುಟ್ಟ ನಲ್ಲಿಗಳನ್ನು ಒಂದರ ಕೆಳಗೊಂದು ಇಟ್ಟಿದ್ದರು. ಕಾರಿನ ಅಡಿಗೆ ನುಸುಳಿ ಅವುಗಳನ್ನು ತಿರುಗಿಸಿ ನೋಡಬೇಕಾಗಿತ್ತು.

ತಳದಿಂದ ಬಸಿಯುವ ಈ ಕ್ರಮವು ಇಂದಿಗೂ ಉಳಿದಿದೆ. ಇದಕ್ಕೆ ಎದುರಾಗಿ, ಎಣ್ಣೆಯ ಮಟ್ಟವನ್ನು ನೋಡುವ ಕಡ್ಡಿಯ ಕೊಳವೆಯೊಳಕ್ಕೆ ಸಣ್ಣ ನಳಿಗೆಯನ್ನು ಇಳಿಸಿ, ಪಂಪಿನಿಂದ ಎಣ್ಣೆಯನ್ನು ಮೇಲಕ್ಕೆ ಹೀರಿ ತೆಗೆಯುವ ಕ್ರಮವೂ ಬಂದಿದೆ. ಯಾವುದು ಮೇಲೆಂಬ ಚರ್ಚೆ ವಾಹನಗಳನ್ನು ಬಲ್ಲವರಲ್ಲಿ ಮುಗಿಯದು. ಹೀರುವುದಾದರೆ ಕಾರಿನ ಕೆಳಗೆ ಮಲಗಬೇಕಾಗಿಲ್ಲ. ಬಿರಡೆಯ ತಿರುಪನ್ನು ಪದೇಪದೇ ಬಿಗಿದು ಕೆಡಿಸುವ ಭಯವಿಲ್ಲ. ಆದರೆ ನಳಿಗೆಯ ತುದಿಯು ತೊಟ್ಟಿಯ ಅತಿ ತಗ್ಗಾದ ಜಾಗವನ್ನು ಮುಟ್ಟದಿದ್ದರೆ ಹಳೆಯ ಎಣ್ಣೆ ಸ್ವಲ್ಪ ಅಲ್ಲಿಯೇ ಉಳಿಯುತ್ತದೆ. ಬಸಿಯುವುದಾದರೆ, ಯಂತ್ರವು ಬೆಚ್ಚಗಿದ್ದಾಗ ತಳದ ಗಷ್ಟೂ ಎಣ್ಣೆಯೊಡನೆ ಕೊಚ್ಚಿಕೊಂಡು ಹೋಗುತ್ತದೆ. ದೋಣಿಗಳಲ್ಲಿ ಈ ಚರ್ಚೆಗೆ ಎಡೆಯೇ ಕಡಿಮೆ. ಅಲ್ಲಿ ಯಂತ್ರವು ದೋಣಿಯ ಒಡಲಿನಲ್ಲಿ ಕುಳಿತಿರುವುದರಿಂದ ಅದರ ಅಡಿಗೆ ಕೈಹಾಕಲು ಸಾಮಾನ್ಯವಾಗಿ ಜಾಗವಿರುವುದಿಲ್ಲ, ಹೀರಿಯೇ ತೆಗೆಯಬೇಕು. ತೊಟ್ಟಿಯ ಆಕಾರವನ್ನು ನೋಡಿ ಕ್ರಮವನ್ನು ಆರಿಸಿಕೊಳ್ಳುವುದು ವಿವೇಕ. ಉಗಿಬಂಡಿಯ ಚಾಲಕನು ತನ್ನ ಬಟ್ಟಲಿನ ಬುಡದ ನಲ್ಲಿಯಿಂದ ನೀರನ್ನು ಬಸಿಯುತ್ತಿದ್ದಾಗ ಮಾಡುತ್ತಿದ್ದುದೂ ಇಂಥದೇ ಕೆಲಸ. ಭಾರವಾದುದು ತಳಕ್ಕಿಳಿಯುತ್ತದೆ, ಅದನ್ನು ತಳದಿಂದಲೇ ಬಿಡಬೇಕು ಎಂಬುದನ್ನು ಅವನು ದಿನವೂ ಕಾಣುತ್ತಿದ್ದನು.

ಮೆಕಾಯ್ ಮಾತ್ರ ಮೋಟಾರಿನ ಬೆನ್ನು ಹತ್ತದೆ ತನ್ನ ಉಗಿಯಂತ್ರಕ್ಕೇ ನಿಷ್ಠನಾಗಿ ಉಳಿದನು. ಅಷ್ಟರಲ್ಲಿ ಉಗಿಯಂತ್ರವೂ ಮೊದಲಿನಂತೆ ಇರಲಿಲ್ಲ. ಉಗಿಯನ್ನು ಮತ್ತೆ ಕಾಯಿಸಿ, ಅತಿತಪ್ತ ಉಗಿಯನ್ನಾಗಿ ಮಾಡಿ ಬಳಸಿದರೆ ಕಲ್ಲಿದ್ದಲು ಮತ್ತು ನೀರು ಉಳಿಯುವುದೆಂದು ಯಂತ್ರಶಿಲ್ಪಿಗಳು ಕಂಡುಕೊಂಡಿದ್ದರು. ಆದರೆ ಆ ಉಷ್ಣಕ್ಕೆ ಸಾಮಾನ್ಯ ಎಣ್ಣೆ ಸೀದುಹೋಗುತ್ತಿತ್ತು. ಇದಕ್ಕೆ ಪರಿಹಾರವೆಂದು ಎಣ್ಣೆಯೊಂದಿಗೆ ಗ್ರ್ಯಾಫೈಟಿನ ಪುಡಿಯನ್ನು ಬೆರೆಸುವುದನ್ನು ಯೋಚಿಸಿದರು. ಗ್ರ್ಯಾಫೈಟೆಂದರೆ ಪೆನ್ಸಿಲಿನ ಕಡ್ಡಿಯಲ್ಲಿರುವ ಕಪ್ಪು ವಸ್ತು. ಬೆರಳಿಗೆ ಹಚ್ಚಿಕೊಂಡರೆ ನುಣ್ಣಗೆ ಜಾರುತ್ತದೆ. ಅಷ್ಟು ಸುಲಭವಾಗಿ ಸುಡುವುದಿಲ್ಲ. ಆದರೆ ಪುಡಿಯು ಎಣ್ಣೆಯಲ್ಲಿ ಕರಗುವುದಿಲ್ಲ. ತಳಕ್ಕೆ ಕೂತು ಸಣ್ಣ ಕೊಳವೆಗಳನ್ನು ಕಟ್ಟಿಬಿಡುತ್ತದೆ. ಪುಡಿ ನಿಲ್ಲದಂತೆ, ಎಣ್ಣೆಯೊಡನೆ ಒಂದೇ ಹದದಲ್ಲಿ ಸಾಗುವಂತೆ ಮಾಡುವ ಸಾಧನವನ್ನು ಮೆಕಾಯ್ ತನ್ನ ಎಪ್ಪತ್ತರ ವಯಸ್ಸಿನಲ್ಲಿ ರಚಿಸಿ ಪೇಟೆಂಟ್ ಪಡೆದನು. ತನ್ನ ಕೆಲಸಗಳಲ್ಲಿ ಇದನ್ನೇ ಅವನು ಬಲು ಮುಖ್ಯವೆಂದು ಎಣಿಸಿದ್ದನೆಂದು ಹೇಳುತ್ತಾರೆ.

1920ರಲ್ಲಿ, ಎಪ್ಪತ್ತಾರನೆಯ ವಯಸ್ಸಿನಲ್ಲಿ, ಕೊನೆಗೂ ಅವನ ಹೆಸರನ್ನು ಹೊತ್ತ ಎಲೈಜಾ ಮೆಕಾಯ್ ಮ್ಯಾನುಫ್ಯಾಕ್ಚರಿಂಗ್ ಕಂಪೆನಿ ಸ್ಥಾಪಿತವಾಯಿತು. ಆ ಸಂತೋಷ ಬಹುಕಾಲ ನಿಲ್ಲಲಿಲ್ಲ. 1922ರಲ್ಲಿ ದಂಪತಿಗಳಿಬ್ಬರೂ ಮೋಟಾರು ಅಪಘಾತವೊಂದಕ್ಕೆ ಸಿಕ್ಕಿದರು. ಆ ಪೆಟ್ಟಿನಿಂದ ಚೇತರಿಸಿಕೊಳ್ಳದೆ ಮೇರಿ ತೀರಿಕೊಂಡಳು. ಮೆಕಾಯ್ ಬದುಕಿದನು, ಆದರೆ ದೇಹ ಕುಸಿಯಿತು, ಕ್ರಮೇಣ ನೆನಪೂ ಮಾಸಿತು. ಕೈಯಲ್ಲಿ ಹಣವಿರಲಿಲ್ಲ. ಮಕ್ಕಳಿರಲಿಲ್ಲ. ಪರರ ವೃದ್ಧೆಯರಿಗೆ ಆಶ್ರಯ ಕಟ್ಟಿಕೊಟ್ಟವಳ ಗಂಡನು ತನ್ನ ಕಡೆಗಾಲದಲ್ಲಿ ಡೆಟ್ರಾಯ್ಟಿನ ಹೊರವಲಯದ ಎಲೋಯಿಸ್ ಎಂಬ ಸಾರ್ವಜನಿಕ ಆಸ್ಪತ್ರೆಯನ್ನು ಸೇರಬೇಕಾಯಿತು. ಅಲ್ಲಿಯೇ 1929ರ ಅಕ್ಟೋಬರ್ 10ರಂದು ತನ್ನ ಎಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು.

ಇಂಗ್ಲಿಷಿನಲ್ಲಿ ಅಪ್ಪಟವಾದ ವಸ್ತುವನ್ನು ರಿಯಲ್ ಮೆಕಾಯ್ ಎಂದು ಕರೆಯುವ ರೂಢಿಯಿದೆ. ಮೆಕಾಯನ ಬಟ್ಟಲನ್ನು ಅನುಕರಿಸಿ ಕಳಪೆ ಮಾಲು ಮಾಡುತ್ತಿದ್ದವರು ಹೆಚ್ಚಿದಾಗ, ರೈಲ್ವೆಯವರು ನಿಜವಾದ ಮೆಕಾಯ್ ಬಟ್ಟಲೇ ಬೇಕೆಂದು ಕೇಳುತ್ತಿದ್ದರು, ಅದರಿಂದ ಈ ನುಡಿಗಟ್ಟು ಹುಟ್ಟಿತು ಎಂದು ಅನೇಕ ಪುಸ್ತಕಗಳು ಹೇಳುತ್ತವೆ. ಕೇಳಲು ಚೆನ್ನಾದ ಕಥೆ. ಆದರೆ ಇದೇ ಬಗೆಯ ನುಡಿಯೊಂದು, ಮೆಕೇ ಎಂಬ ಹೆಸರಿನಿಂದ, ಸ್ಕಾಟ್ಲೆಂಡಿನಲ್ಲಿ 1856ರಲ್ಲಿಯೇ ಅಚ್ಚಾಗಿದೆ. ಆಗ ಎಲೈಜಾ ಹನ್ನೆರಡು ವರ್ಷದ ಹುಡುಗ. ಅವನು ಬಟ್ಟಲನ್ನು ರಚಿಸಲು ಇನ್ನೂ ಹದಿನಾರು ವರ್ಷವಿತ್ತು. ಇದೇ ಹೆಸರಿನ ಮುಷ್ಟಿಕಾಳಗದ ಜಟ್ಟಿಯೊಬ್ಬನಿಂದ ಆ ಮಾತು ಬಂದಿತೆನ್ನುವವರೂ ಇದ್ದಾರೆ. ಅವನ ಹಿರಿಮೆಗೆ ಈ ನುಡಿಗಟ್ಟಿನ ಊರುಗೋಲು ಬೇಕಾಗಿಲ್ಲ, ಹಕ್ಕುಪತ್ರಗಳೇ ಸಾಕು.

ಸತ್ತ ಮೇಲೆ ಬಹುಕಾಲ ಅವನನ್ನು ನೆನೆದವರು ಕಡಿಮೆ. 1975ರಲ್ಲಿ ಡೆಟ್ರಾಯ್ಟ್ ನಗರವು ಅವನು ಬಾಳಿದ್ದ ಮನೆಯ ಸ್ಥಳದಲ್ಲಿ ಸ್ಮಾರಕಫಲಕವನ್ನಿಟ್ಟಿತು. 2001ರಲ್ಲಿ ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಕೀರ್ತಿಮಂದಿರದಲ್ಲಿ ಅವನ ಹೆಸರು ಸೇರಿತು. 2012ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿಯು ತನ್ನ ಮೊದಲನೆಯ ಪ್ರಾದೇಶಿಕ ಶಾಖೆಯನ್ನು ಡೆಟ್ರಾಯ್ಟಿನಲ್ಲಿ ತೆರೆದು ಅದಕ್ಕೆ ಎಲೈಜಾ ಮೆಕಾಯನ ಹೆಸರನ್ನಿಟ್ಟಿತು. ಆ ಶಾಖೆಯನ್ನು ತೆರೆದದ್ದು ಡೆಟ್ರಾಯ್ಟ್ ನದಿಯ ದಂಡೆಯಲ್ಲಿ. ಓಡಿಬಂದ ಗುಲಾಮರು ಇರುಳಿನಲ್ಲಿ ದೋಣಿಯೇರಿ ದಾಟುತ್ತಿದ್ದ ನದಿ ಅದೇ. ಅದರ ಆಚೆಯ ದಡ ಕೆನಡಾ.